ಊರಿಗೆಲ್ಲ ಗೊತ್ತಿದ್ದ ಕೊಲೆ

ರಾಯಚೂರಿನಿಂದ ಗುಂತಕಲ್ ಕಡೆ ಹೊರಟ ರೈಲಿನಿಂದ ಮಟಮಾರಿಯಲ್ಲಿ ಹೊಸಬನೊಬ್ಬ ಇಳಿದರೆ, ಅವನು ಊರು ಮುಟ್ಟುವುದರೊಳಗೆ ಒಂದು ಪ್ರಶ್ನೆ ಎದುರಾಗುತ್ತದೆ: “ಯಾರ ಮನಿಗೆ ಬಂದೀರಿ?” ಕೇಳಿದವರ ಮನಸ್ಸಿನಲ್ಲಿ ಸಂಶಯವೇನೂ ಇರುವುದಿಲ್ಲ, ಆದರೆ ಉತ್ತರ ಹೇಳದೆ ಮುಂದೆ ಹೋಗುವಂತೆಯೂ ಇಲ್ಲ. ಅರ್ಧ ತಾಸು ಕಳೆಯುವುದರೊಳಗೆ ಅವನ ಹೆಸರು, ಬಂದ ಕೆಲಸ, ಆ ಮನೆಗೂ ಅವನಿಗೂ ಇರುವ ನಂಟು ಎಲ್ಲವೂ ಚಹಾದಂಗಡಿಯ ಬೆಂಚಿಗೆ ಬಂದು ಕೂತಿರುತ್ತವೆ. ಇಂಥ ಕಡೆ ಒಂದು ಕೊಲೆಯಾದರೆ, ಕೊಂದವರು ಯಾರೆಂಬುದು ಎಷ್ಟು ಹೊತ್ತು ಗುಟ್ಟಾಗಿ ಉಳಿದೀತು? ಪತ್ತೇದಾರಿ ಕಾದಂಬರಿ ಓದುವ ಚಟವಿರುವ ನಾವೆಲ್ಲ ಒಮ್ಮೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಏಕೆಂದರೆ ನಾವು ಓದುವ, ಓದಿ ಎಂದು ಗೆಳೆಯರಿಗೆ ದಾಟಿಸುವ ಬಹುಪಾಲು ಪುಸ್ತಕಗಳು ನಿಂತಿರುವುದೇ “ಕೊಂದವರು ಯಾರು” ಎಂಬ ಒಂದೇ ಗುಟ್ಟಿನ ಮೇಲೆ. ಕನ್ನಡದ ಓದುಗ ತನ್ನ ಕಪಾಟಿಗೆ ಅಪರಾಧ ಕಾದಂಬರಿಗಳನ್ನು ಆರಿಸುವಾಗ ಆ ಪ್ರಶ್ನೆಯನ್ನು ಬದಿಗಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ವಾದ: ಗೊತ್ತಿದ್ದವರು ಯಾಕೆ ಸುಮ್ಮನಿದ್ದರು? ನಮ್ಮ ಭಾಷೆಯ ಅತ್ಯುತ್ತಮ ಥ್ರಿಲ್ಲರುಗಳು, ಮುಖಪುಟದ ಮೇಲೆ ಹಾಗೆಂದು ಬರೆದಿರಲಿ ಬಿಡಲಿ, ಈ ಎರಡನೆಯ ಪ್ರಶ್ನೆಯಿಂದಲೇ ಹುಟ್ಟಿದವು.

ಮೊದಲನೆಯ ಪ್ರಶ್ನೆ ಹುಟ್ಟಿದ ನೆಲ ಬೇರೆ. ಅಗಾಥಾ ಕ್ರಿಸ್ಟಿ 1926ರಲ್ಲಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಬರೆದಾಗ ಆ ಒಗಟಿನ ಕುಶಲತೆ ತನ್ನ ತುದಿ ಮುಟ್ಟಿತ್ತು. ಇಂದಿಗೂ ಅದನ್ನು ಓದದವರಿಗೆ ಓದಿ ಎಂದೇ ಹೇಳುತ್ತೇನೆ, ಕೊನೆಯನ್ನು ಯಾರ ಬಾಯಿಂದಲೂ ಕೇಳಿಸಿಕೊಳ್ಳದೆ. ಆದರೆ ಆ ಬಗೆಯ ಕಾದಂಬರಿಗೆ ಕೆಲವು ಅನುಕೂಲಗಳು ಮೊದಲೇ ಒದಗಿರಬೇಕು. ಮುಚ್ಚಿದ ಬಾಗಿಲಿನ ಮನೆ ಬೇಕು. ಪಕ್ಕದ ಮನೆಯಲ್ಲೇನು ನಡೆಯುತ್ತಿದೆ ಎಂದು ಇಣುಕದ ನೆರೆಯವರು ಬೇಕು. ಹೊರಗಿನಿಂದ ಬಂದವನು ಕೇಳಿದ್ದಕ್ಕೆಲ್ಲ ಜನ ಒಂದಿಷ್ಟು ಸುಳ್ಳು, ಒಂದಿಷ್ಟು ನಿಜ ಬೆರೆಸಿ ಉತ್ತರ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಜ ಹೊರಬಿದ್ದ ಕೂಡಲೇ ನ್ಯಾಯವೂ ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ಬೇಕು. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಪತ್ತೇದಾರ ಬೆರಳು ತೋರಿಸಿದರೆ ಸಾಕು, ಕಥೆ ಮುಗಿಯಿತು. ನಮ್ಮಲ್ಲಿ ಕಥೆ ಶುರುವಾಗುವುದೇ ಆ ಬೆರಳಿನ ನಂತರ.

ಇದಕ್ಕೆ ಸಾಕ್ಷಿ ಕಾದಂಬರಿಗಳಲ್ಲಿ ಹುಡುಕಬೇಕಾಗಿಲ್ಲ, ಕಾನೂನಿನ ಪುಸ್ತಕದಲ್ಲೇ ಇದೆ. ಸಂಶಯದ ಸಾವು ಸಂಭವಿಸಿದರೆ ಪೊಲೀಸರು ಆ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮ್ಮುಖದಲ್ಲೇ ಶವದ ಪಂಚನಾಮೆ ಮಾಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೀಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮೂ ಅದನ್ನೇ ಹೇಳುತ್ತದೆ. ಆ ದೃಶ್ಯವನ್ನು ತುಸು ಹತ್ತಿರದಿಂದ ನೋಡಬೇಕು. ಹೊಲದ ಬದುವಿನ ಮೇಲೆ ಇಬ್ಬರು ಪಂಚರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸಬ್ ಇನ್‌ಸ್ಪೆಕ್ಟರ್ ಗಾಯದ ಉದ್ದ ಅಗಲ ಹೇಳುತ್ತಾರೆ, ಪೇದೆ ಬರೆದುಕೊಳ್ಳುತ್ತಾನೆ, ಅಂಗಿಯ ಬಣ್ಣ, ಚಪ್ಪಲಿ ಬಿದ್ದಿದ್ದ ಜಾಗ, ಹತ್ತಿರದ ಗಿಡ ಎಲ್ಲವೂ ಕಾಗದಕ್ಕೆ ಇಳಿಯುತ್ತವೆ. ಕಡೆಗೆ ಪಂಚರು ರುಜು ಹಾಕುತ್ತಾರೆ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ಸತ್ತವನಿಗೂ ಪಕ್ಕದ ಹೊಲದವನಿಗೂ ಎಷ್ಟು ವರ್ಷದಿಂದ ಮಾತಿಲ್ಲ, ಹಿಂದಿನ ರಾತ್ರಿ ಯಾರ ಬೈಕು ಆ ದಾರಿಯಲ್ಲಿ ಹೋಯಿತು ಎಂಬುದು ಆ ಇಬ್ಬರಿಗೂ ಗೊತ್ತಿರಬಹುದು. ಪಂಚನಾಮೆಯಲ್ಲಿ ಅದಕ್ಕೆ ಜಾಗವಿಲ್ಲ, ಅವರೂ ಹೇಳುವುದಿಲ್ಲ. “ನಮಗ್ಯಾಕ ಆ ಉಸಾಬರಿ” ಎಂಬ ನಮ್ಮ ಕಡೆಯ ಮಾತಿನಲ್ಲಿ ಎಷ್ಟು ಹೆದರಿಕೆ, ಎಷ್ಟು ಲೆಕ್ಕಾಚಾರ, ಎಷ್ಟು ನಂಟಸ್ತಿಕೆ ಅಡಗಿದೆ ಎಂಬುದನ್ನು ಬಿಡಿಸಿ ತೋರಿಸುವ ಲೇಖಕನಿಗೆ ಪತ್ತೇದಾರನ ಅಗತ್ಯವೇ ಬೀಳುವುದಿಲ್ಲ. ಯುರೋಪಿನ ಪತ್ತೇದಾರ ಹಳ್ಳಿಯವರನ್ನು ಆಚೆ ಸರಿಸಿ ಒಬ್ಬನೇ ಯೋಚಿಸುತ್ತಾನೆ. ನಮ್ಮ ತನಿಖೆ ಇಬ್ಬರು ಊರವರ ರುಜು ಇಲ್ಲದೆ ಮೊದಲ ಹೆಜ್ಜೆಯನ್ನೂ ಇಡಲಾರದು. ಹೀಗಾಗಿ ನಮ್ಮ ಅಪರಾಧ ಕಥನದ ಸಹಜ ನಾಯಕ ಪಂಚನೇ.

ಗೊತ್ತಿರುವುದಕ್ಕೂ ಸಾಬೀತಾಗುವುದಕ್ಕೂ ನಡುವಿನ ಕಂದರ ಎಷ್ಟು ಆಳವೆಂದು ತಿಳಿಯಲು ಕಂಬಾಲಪಲ್ಲಿಯನ್ನು ನೆನೆಯಬೇಕು. ಚಿಂತಾಮಣಿ ತಾಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಸಾಕ್ಷಿಗಳು ಪ್ರತಿಕೂಲರಾಗಿದ್ದರು. ಒಗಟಿನ ಕಾದಂಬರಿಯ ಯಾವ ಚೌಕಟ್ಟಿನಲ್ಲೂ ಈ ಸಂಗತಿ ಕೂರುವುದಿಲ್ಲ. ಕಥೆಗಾರ ಇಲ್ಲಿ ಸುಳಿವು ಹುಡುಕುತ್ತಾ ಹೋದರೆ ಅದು ಸತ್ತವರಿಗೆ ಮಾಡುವ ಅವಮಾನವೇ ಆಗುತ್ತದೆ. ಸಾಕ್ಷಿ ಹೇಳುವವನ ಎದೆಯೊಳಗೆ ಏನು ನಡೆಯಿತು, ಅವನು ಮರುದಿನ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕಿತ್ತು, ಯಾರ ಬಾವಿಯ ನೀರು ತರಬೇಕಿತ್ತು ಎಂಬುದೇ ಅಲ್ಲಿನ ನಿಜವಾದ ರಹಸ್ಯ. ಮನೋವೈಜ್ಞಾನಿಕ ಥ್ರಿಲ್ಲರ್ ಎಂದರೆ ನಗರದ ಒಂಟಿ ಮನುಷ್ಯನ ತಲೆಕೆಟ್ಟ ಕಥೆ ಎಂದುಕೊಂಡವರು ಈ ರಹಸ್ಯದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ನಮ್ಮ ಸೀಮೆಯ ಹತ್ತಿರದಲ್ಲೇ ಇದಕ್ಕೊಂದು ಹಳೆಯ ಎಳೆ ಇದೆ. ದೇವದುರ್ಗದ ಕಡೆಯಿಂದ ಹೋಗಿ ತಿಂಥಣಿ ಸೇತುವೆಯಲ್ಲಿ ಕೃಷ್ಣೆ ದಾಟಿದರೆ ಸುರಪುರ. ಅಲ್ಲಿನ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರು ಬಹಳ ಮಂದಿ. ಅದರಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು ಎಂಬುದೂ ಅನೇಕರಿಗೆ ತಿಳಿದಿದೆ. ಆದರೆ ನಿಜಾಮನ ಸೇವೆಯಲ್ಲಿದ್ದ ಈ ಮನುಷ್ಯ ಸುರಪುರಕ್ಕೆ ಬರುವ ಮುನ್ನವೇ, 1839ರಲ್ಲಿ, ‘ಕನ್ಫೆಶನ್ಸ್ ಆಫ್ ಎ ಥಗ್’ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಆ ಕಾದಂಬರಿಯಲ್ಲಿ ಪತ್ತೇದಾರನಿಲ್ಲ. ಕೊಂದವನು ಯಾರೆಂದು ಆರಂಭದಲ್ಲೇ ಗೊತ್ತು: ಅಮೀರ್ ಅಲಿ ಎಂಬ ಠಗ್ಗ ಸೆರೆಯಲ್ಲಿ ಕೂತು ಒಬ್ಬ ಸಾಹೇಬನ ಮುಂದೆ ತಾನು ಮಾಡಿದ್ದನ್ನೆಲ್ಲ ಹೇಳುತ್ತಾನೆ. ಓದುಗನನ್ನು ಹಿಡಿದು ಕೂರಿಸುವುದು ಅವನ ದನಿ. ದಾರಿಯಲ್ಲಿ ಜೊತೆಯಾದವರ ವಿಶ್ವಾಸ ಗಳಿಸಿ, ಅವರ ಸುಖದುಃಖ ಕೇಳಿ, ಆಮೇಲೆ ಕೊರಳಿಗೆ ಬಟ್ಟೆ ಬಿಗಿಯುವವನು ತನ್ನನ್ನು ತಾನು ಕೆಟ್ಟವನೆಂದು ಎಣಿಸುವುದೇ ಇಲ್ಲ. ಎಡ್ಗರ್ ಆ್ಯಲನ್ ಪೋ ತನ್ನ ಪತ್ತೇದಾರ ದ್ಯುಪಾನನ್ನು ಲೋಕಕ್ಕೆ ಕೊಟ್ಟದ್ದು 1841ರಲ್ಲಿ, ಇದಾದ ಎರಡು ವರ್ಷಕ್ಕೆ. ಟೇಲರನನ್ನು ಎಚ್ಚರದಿಂದಲೇ ಓದಬೇಕು. ಅವನು ವಸಾಹತು ಆಡಳಿತದ ಮನುಷ್ಯ. ಠಗ್ಗರ ವಿಷಯದಲ್ಲಿ ಬ್ರಿಟಿಷರು ಕಟ್ಟಿದ ಚಿತ್ರದಲ್ಲಿ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಆದರೂ ಕೊಲೆಗಾರನ ಮನಸ್ಸನ್ನು ಒಳಗಿನಿಂದ ತೋರಿಸುವ ಅಪರಾಧ ಕಥನ ನಮ್ಮ ಪಕ್ಕದ ನೆಲದ ಅನುಭವದಿಂದ ಅಷ್ಟು ಹಿಂದೆಯೇ ಮೂಡಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಈಗ ಕನ್ನಡದ ಕಪಾಟಿಗೆ ಬರೋಣ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ನನ್ನ ಶಿಫಾರಸಿನಲ್ಲಿ ಮೊದಲು ಬರುತ್ತದೆ. 1973ರಲ್ಲಿ ಗಿರೀಶ ಕಾರ್ನಾಡರು ಇದನ್ನು ಸಿನಿಮಾ ಮಾಡಿದ್ದರಿಂದ ಹಲವರು ಅದನ್ನು ನೋಡಿ ಪುಸ್ತಕ ಬಿಟ್ಟಿದ್ದಾರೆ, ಬಿಡಬಾರದಿತ್ತು. ಎರಡು ಊರುಗಳ ಹಗೆ, ಚಂದ್ರೇಗೌಡನ ಅಕ್ರಮ ಸಂಬಂಧ, ಅವನ ಹೆಂಡತಿ ಕಮಲಿಯ ಸಂಕಟ, ಕಡೆಗೆ ನೆತ್ತರು ಎಲ್ಲವನ್ನೂ ನಾವು ಕಿಟ್ಟಿ ಎಂಬ ಹುಡುಗನ ಕಣ್ಣಿಂದ ನೋಡುತ್ತೇವೆ. ಹೆಸರು ಹಿಡಿದು ಕೂಗುವ ಹಕ್ಕಿಯೊಂದು ಕಾಡಿನಲ್ಲಿದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಹೆದರಿಕೆ ಆ ಹುಡುಗನದು. ದೊಡ್ಡವರಿಗೆ ಎಲ್ಲ ಗೊತ್ತು, ಯಾರೂ ಅವನಿಗೆ ಹೇಳುವುದಿಲ್ಲ. ಅವನು ಎಲ್ಲವನ್ನೂ ನೋಡುತ್ತಾನೆ, ಯಾವುದರ ಅರ್ಥವೂ ಆಗುವುದಿಲ್ಲ. ಮಗು ಸಾಕ್ಷಿಯಾದಾಗ ಓದುಗನೇ ತನಿಖೆ ಮಾಡಬೇಕಾಗುತ್ತದೆ. ಮಗು ಮುಗ್ಧವಾಗಿ ಆಡಿದ ಮಾತೊಂದು ನಮಗೆ ಮೈ ಜುಮ್ಮೆನಿಸುತ್ತದೆ, ಏಕೆಂದರೆ ಅದರ ಹಿಂದೇನಿದೆ ಎಂದು ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಇದಕ್ಕಿಂತ ತೀಕ್ಷ್ಣವಾದ ಕಥನ ತಂತ್ರ ಈ ಪ್ರಕಾರದಲ್ಲಿ ಬೇರೆ ಯಾವುದಿದೆ?

ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದರ ಇನ್ನೊಂದು ತುದಿ. ಇಲ್ಲಿ ಹೆಣ ಬೀಳುವುದಕ್ಕಿಂತ ಮೊದಲೇ ಬೇಟೆ ಶುರುವಾಗಿದೆ. ಮುಂಬಯಿಯ ದೊಡ್ಡ ಕಂಪನಿಯಲ್ಲಿರುವ ಹನೇಹಳ್ಳಿಯ ನಾಗಪ್ಪನನ್ನು ವಿಚಾರಣೆಯ ನೆಪದಲ್ಲಿ ಕೆಲಸದಿಂದ ದೂರ ಇಡುತ್ತಾರೆ; ಆರೋಪವೇನೆಂದು ಮಾತ್ರ ಹೇಳುವುದಿಲ್ಲ. ಅವನನ್ನು ಬಲ್ಲವರಿಗೆಲ್ಲ ಏನೋ ಗೊತ್ತಿದೆ, ಅವನಿಗೆ ಗೊತ್ತಿಲ್ಲ. ಫೋನು ಬಂದರೆ ಭಯ, ಬರದಿದ್ದರೆ ಇನ್ನೂ ಭಯ. ರಸಾಯನೋದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿ ದುಡಿದ ಚಿತ್ತಾಲರಿಗೆ ಕಾರ್ಪೊರೇಟ್ ಕಚೇರಿಯ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಆ ಪುಟಗಳಲ್ಲಿ ಒಂದು ಸುಳ್ಳು ಸ್ವರವೂ ಇಲ್ಲ. ಆದರೆ ಕಾದಂಬರಿಯ ನಿಜವಾದ ಶಕ್ತಿ ಇರುವುದು ಮುಂಬಯಿ ಕೂಡ ಹನೇಹಳ್ಳಿಯಾಗಿಬಿಡುವ ಬಗೆಯಲ್ಲಿ. ಬಾಲ್ಯದ ಪರಿಚಯದವರೇ ಅವನ ಮನೆತನದ ಹಳೆಯ ಕಥೆಗಳನ್ನು ಹೊತ್ತು ತರುತ್ತಾರೆ. ನಗರಕ್ಕೆ ಓಡಿಹೋದರೂ ಊರಿನ ಬಾಯಿ ಬೆನ್ನು ಬಿಡುವುದಿಲ್ಲ ಎಂಬುದನ್ನು ಬೆಂಗಳೂರಿಗೆ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಕಡೆಯ ಯಾವ ಹುಡುಗನಿಗೂ ವಿವರಿಸಬೇಕಾಗಿಲ್ಲ.

ತೇಜಸ್ವಿಯವರ ವಿಷಯದಲ್ಲಿ ನನ್ನ ಅಭಿಪ್ರಾಯ ಸಾಮಾನ್ಯ ಓದುಗರಿಗಿಂತ ತುಸು ಬೇರೆ. ಥ್ರಿಲ್ಲರ್ ಎಂದ ಕೂಡಲೇ ಎಲ್ಲರೂ ‘ಜುಗಾರಿ ಕ್ರಾಸ್’ ಹೆಸರು ಹೇಳುತ್ತಾರೆ. ಅದರ ಓಟ ಅದ್ಭುತವೇ. ಏಲಕ್ಕಿ ಮಾರಲು ಹೊರಟ ಸುರೇಶ-ಗೌರಿಯರ ಹಿಂದೆ ಓದುಗ ಉಸಿರು ಕಟ್ಟಿ ಓಡುತ್ತಾನೆ. ಆದರೆ ಒಂದನ್ನೇ ಆರಿಸಬೇಕೆಂದರೆ ನಾನು 1985ರ ‘ಚಿದಂಬರ ರಹಸ್ಯ’ವನ್ನು ಆರಿಸುತ್ತೇನೆ. ಏಲಕ್ಕಿ ಬೆಳೆ ಕುಸಿದ ಕಾರಣವನ್ನೂ ವಿಜ್ಞಾನಿ ಜೋಗಿಹಾಳರ ಸಾವಿನ ಗುಟ್ಟನ್ನೂ ಹುಡುಕುತ್ತಾ ಗುಪ್ತಚರ ಅಧಿಕಾರಿ ಅಂಗಡಿ ಕೆಸರೂರಿಗೆ ಬರುತ್ತಾನೆ. ಪತ್ತೇದಾರಿ ಕಥೆಯ ಸಾಮಗ್ರಿಯೆಲ್ಲ ಇದೆ, ಆದರೆ ತನಿಖೆ ಊರಿನ ಪಿಸುಮಾತು, ಜಾತಿ, ಮತದ ಹಗೆ, ಮೂಢನಂಬಿಕೆಗಳ ಪೊದೆಯೊಳಗೆ ಕಾಲು ಸಿಕ್ಕಿಸಿಕೊಂಡು ತಾನೇ ದಾರಿ ತಪ್ಪುತ್ತದೆ. ಎಲ್ಲರಿಗೂ ಒಂದೊಂದು ತುಣುಕು ಗೊತ್ತಿರುವ, ಯಾರೂ ಅವನ್ನು ಕೂಡಿಸಲು ಒಪ್ಪದ ಊರು ಕಡೆಗೆ ಏನಾಗುತ್ತದೆ ಎಂಬುದನ್ನು ಆ ಕಾದಂಬರಿಯ ಕೊನೆ ತೋರಿಸುತ್ತದೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯ ಹೊದಿಕೆ ಹೊದ್ದ ಪುಸ್ತಕವೊಂದಕ್ಕೆ ಆ ಮನ್ನಣೆ ಸಿಕ್ಕಿದ್ದನ್ನು, ಈ ಪ್ರಕಾರವನ್ನು ಕೀಳೆಂದು ನೋಡುವವರು ಮರೆಯಬಾರದು.

ಈ ವಾದಕ್ಕೆ ಎದುರು ನಿಲ್ಲುವವರಿದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ಎನ್. ನರಸಿಂಹಯ್ಯನವರ ಓದುಗರು ಅವರಲ್ಲಿ ಮೊದಲಿಗರು. ಪ್ರಾಥಮಿಕ ಶಾಲೆಯನ್ನೂ ದಾಟದೆ, ಐನೂರಕ್ಕೂ ಹೆಚ್ಚು ಪುಸ್ತಕ ಬರೆದ, ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಮನೆಮಾತು ಮಾಡಿದ ಆ ಲೇಖಕ ಎಷ್ಟೋ ಮಂದಿಗೆ ಕನ್ನಡ ಓದುವ ರುಚಿ ಹಚ್ಚಿದರು. ಅದೇ ಕಾಲಕ್ಕೆ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಉರ್ದು ಬಲ್ಲವರಿಗೆ 1952ರಲ್ಲಿ ಶುರುವಾದ ಇಬ್ನೆ ಸಫಿಯವರ ‘ಜಾಸೂಸಿ ದುನಿಯಾ’ ಇತ್ತು. ಮುಂದೆ ತೆಲುಗಿನ ಯಂಡಮೂರಿ ವೀರೇಂದ್ರನಾಥರು ಕನ್ನಡಕ್ಕೂ ಬಂದರು. ಈ ಪರಂಪರೆಯನ್ನು ತಳ್ಳಿಹಾಕುವುದು ಕೃತಘ್ನತೆ ಎಂದು ಅವರು ಹೇಳಿದರೆ ನಾನು ತಲೆಬಾಗುತ್ತೇನೆ. ತಳ್ಳಿಹಾಕುತ್ತಿಲ್ಲ. ನರಸಿಂಹಯ್ಯನವರು ಓದುಗನಿಗೆ ಕೊಟ್ಟದ್ದು ಒಂದು ದೊಡ್ಡ ಸಮಾಧಾನ: ಕೊನೆಯ ಪುಟದಲ್ಲಿ ಕೆಟ್ಟವನು ಸಿಕ್ಕೇ ಸಿಗುತ್ತಾನೆ. ಹೊರಗೆ ಸಿಗದ ನ್ಯಾಯ ಪುಸ್ತಕದಲ್ಲಾದರೂ ಸಿಗಲಿ ಎಂಬ ಹಸಿವು ಸುಳ್ಳಲ್ಲ. ಆದರೆ ಆ ಪುಸ್ತಕವನ್ನು ಎರಡನೇ ಸಲ ಯಾರು ಓದುತ್ತಾರೆ? ಗುಟ್ಟು ತಿಳಿದ ಮೇಲೂ ಮತ್ತೆ ಕೈಗೆತ್ತಿಕೊಳ್ಳುವಂತಿದೆಯೇ ಎಂಬುದೊಂದೇ ನನ್ನ ಒರೆಗಲ್ಲು. ‘ಶಿಕಾರಿ’ ಎರಡನೇ ಓದಿನಲ್ಲಿ ಇನ್ನಷ್ಟು ಹೆದರಿಸುತ್ತದೆ.

ಗುಟ್ಟು ಮೊದಲೇ ಬಿಟ್ಟುಕೊಟ್ಟರೆ ಕುತೂಹಲವೇ ಸಾಯುವುದಿಲ್ಲವೇ ಎಂಬುದು ಎರಡನೇ ಆಕ್ಷೇಪ. ನಮ್ಮ ಕಡೆಯ ದೊಡ್ಡಾಟ ಬಯಲಾಟಗಳನ್ನು ನೋಡುವವರು ಈ ಮಾತು ಒಪ್ಪುವುದಿಲ್ಲ. ಕೀಚಕ ಸಾಯುತ್ತಾನೆ ಎಂದು ಗೊತ್ತಿಲ್ಲದೆ ಯಾರೂ ಕಂಬಳಿ ಹಾಸಿಕೊಂಡು ಕೂತಿರುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಕಣ್ಣು ಮುಚ್ಚುವುದಿಲ್ಲ, ಏಕೆಂದರೆ ಕತ್ತಲಲ್ಲಿ ಭೀಮ ಕಾದು ಕೂತಿರುವುದು ನೋಡುವವರಿಗೆ ಗೊತ್ತು, ಕೀಚಕನಿಗೆ ಗೊತ್ತಿಲ್ಲ. ಹೊರಗಿನ ಲೋಕವೂ ಇದನ್ನೇ ಕಂಡುಕೊಂಡಿದೆ. ದಾಸ್ತೋಯೆವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಕೊಡಲಿ ಯಾರ ಕೈಯಲ್ಲಿತ್ತು ಎಂದು ನಾವು ಕಣ್ಣಾರೆ ನೋಡಿದ್ದೇವೆ. ಪೆಟ್ರಿಷಿಯಾ ಹೈಸ್ಮಿತ್‌ಳ ರಿಪ್ಲಿ (1955) ನಮ್ಮೆದುರಿಗೇ ಕೊಲ್ಲುತ್ತಾನೆ, ಮತ್ತು ನಾಚಿಕೆಯಾಗುವಂತೆ ಅವನು ಸಿಕ್ಕಿಬೀಳದಿರಲಿ ಎಂದು ನಾವು ಬಯಸುತ್ತೇವೆ. ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ 1981ರ ‘ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್’ನಲ್ಲಿ ನನ್ನ ವಾದದ ತಿರುಳನ್ನೇ ಕಾದಂಬರಿ ಮಾಡಿದ್ದಾನೆ: ಅವಳಿ ಅಣ್ಣತಮ್ಮಂದಿರು ಸಾಂತಿಯಾಗೊ ನಾಸಾರನನ್ನು ಕೊಲ್ಲುತ್ತೇವೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ಯಾರಾದರೂ ತಡೆಯಲಿ ಎಂದೇ ತಿರುಗುತ್ತಾರೆ, ಊರು ತಡೆಯುವುದಿಲ್ಲ. ಕೊಲಂಬಿಯಾದ ಆ ಊರನ್ನು ಓದುವಾಗ ನಮ್ಮ ಓದುಗನಿಗೆ ಒಂದು ಗಳಿಗೆಯೂ ಅದು ಪರದೇಶ ಅನ್ನಿಸುವುದಿಲ್ಲ.

ಕಾಲ ಬದಲಾಗಿದೆ, ಈಗ ಎಲ್ಲ ಕಡೆ ಸಿಸಿಟಿವಿ, ಮೊಬೈಲ್ ಟವರ್ ಲೊಕೇಶನ್ ಇರುವಾಗ ಊರಿನ ಮೌನಕ್ಕೆ ಏನು ಬೆಲೆ ಎಂದು ಕೇಳುವವರೂ ಇದ್ದಾರೆ. ಈ ಬದಲಾವಣೆ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಯಾರು, ಎಷ್ಟು ಗಂಟೆಗೆ, ಎಲ್ಲಿದ್ದರು ಎಂಬುದನ್ನು ಯಂತ್ರವೇ ಹೇಳುವುದಾದರೆ ಒಗಟಿನ ಕಾದಂಬರಿಗೆ ಉಳಿಯುವ ಕೆಲಸ ಕಡಿಮೆ. ಯಾಕೆ ಮಾಡಿದ, ನೋಡಿದವರು ಯಾಕೆ ತಡೆಯಲಿಲ್ಲ ಎಂಬುದನ್ನು ಯಾವ ಕ್ಯಾಮೆರಾವೂ ಹೇಳದು.

ಹಾಗೆ ನೋಡಿದರೆ ನಮ್ಮ ಸೀಮೆ ಒಂದು ದೊಡ್ಡ ಅಪರಾಧ ಕಾದಂಬರಿಗೆ ಹದವಾದ ನೆಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರು ತಾಲೂಕಿನ ಹೊಲಗಳಿಗೆ ನೀರು ಮುಟ್ಟುವುದೇ ಪ್ರತಿವರ್ಷದ ಜಗಳ. ಮೇಲಿನವರು ರಾತ್ರೋರಾತ್ರಿ ನೀರು ತಿರುಗಿಸಿಕೊಂಡರೆ ಕೆಳಗಿನವನ ಭತ್ತ ಒಣಗುತ್ತದೆ, ಸಾಲ ಬೆಳೆಯುತ್ತದೆ. ದೇವದುರ್ಗದ ಕಡೆ ಕೃಷ್ಣೆಯ ಮರಳು ಕತ್ತಲಲ್ಲಿ ಸಾಗುವ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಟಿಪ್ಪರುಗಳ ಸದ್ದಿಗೆ ಎಚ್ಚರವಾಗುವವರು ಎಷ್ಟು ಮನೆ, ಎದ್ದು ದೀಪ ಹಾಕುವವರು ಎಷ್ಟು ಮನೆ? ಶಾಂತರಸರು, ರಾಜಶೇಖರ ನೀರಮಾನ್ವಿಯವರು, ಅಮರೇಶ ನುಗಡೋಣಿಯವರು ಈ ನೆಲದ ದನಿಯನ್ನು ಕಥನಕ್ಕೆ ತಂದು ದಾರಿ ಮಾಡಿಕೊಟ್ಟಿದ್ದಾರೆ. ಅವರ ಭಾಷೆಯನ್ನು ಕಲಿತ, ಪಂಚನಾಮೆಯ ಕಾಗದದಲ್ಲಿ ಬಿಟ್ಟುಹೋದದ್ದನ್ನು ಬರೆಯುವ ಧೈರ್ಯವಿರುವ ಒಬ್ಬ ಯುವ ಲೇಖಕಿ ಅಥವಾ ಲೇಖಕ ಈ ಕೆಲಸಕ್ಕೆ ಕೈ ಹಾಕಲೆಂದು ಮನಸಾರೆ ಬಯಸುತ್ತೇನೆ.

ಅಲ್ಲಿಯವರೆಗೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಗಾತ್ರದಲ್ಲಿ ಚಿಕ್ಕದು, ಪೊಲೀಸರ ಸುಳಿವೇ ಇಲ್ಲ, ಒಂದು ಕುಟುಂಬ ಸೋನಾ ಮಸಾಲಾ ವ್ಯಾಪಾರದಿಂದ ದಿಢೀರನೆ ಸ್ಥಿತಿವಂತವಾದ ಕಥೆಯಷ್ಟೇ. ಒಂದು ದಿನ ಬಾಗಿಲಿಗೆ ಬಂದ ಅಪರಿಚಿತ ಹೆಂಗಸು ಚಿಕ್ಕಪ್ಪನಿಗಾಗಿ ಮಸೂರ ಬೇಳೆಯ ಅಡುಗೆ ತಂದಿರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಒಳಗೇ ಇದ್ದಾನೆ, ಹೊರಗೆ ಬರುವುದಿಲ್ಲ. ನಿರೂಪಕ ನೋಡುತ್ತಾ ನಿಲ್ಲುತ್ತಾನೆ. ಮನೆಗೆ ಬಂದ ಸೊಸೆ ಅನಿತಾ ಒಬ್ಬಳೇ ಅದು ತಪ್ಪೆಂದು ಹೇಳುತ್ತಾಳೆ. ಆ ಹೊತ್ತಿಗೆ ನಾವೊಂದು ಥ್ರಿಲ್ಲರಿನ ನಡುವೆ ಇದ್ದೇವೆ ಎಂದು ಓದುಗನಿಗೆ ಹೊಳೆದಿರುವುದಿಲ್ಲ. ಅದನ್ನು ಕಂತಿನಲ್ಲಿ ಓದಬೇಡಿ, ಒಂದೇ ಸಲಕ್ಕೆ ಕೂತು ಮುಗಿಸಿ. ಮರುದಿನ ಮತ್ತೊಮ್ಮೆ ತೆಗೆದು, ಅನಿತಾ ಬಾಯಿ ತೆರೆದ ಕಡೆಯಲ್ಲೆಲ್ಲ ಮನೆಯ ಉಳಿದವರು ಏನು ಮಾಡುತ್ತಿದ್ದಾರೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಓದಿ.